ಸೂರ್ಯಕಾಂತಿಯ ಬಳಗದ ಕಾಡುಹೂಗಳು: ಗುರುತಿಸುವ ಬಗೆ

ಕೋಶವನ್ನು ಬಲ್ಲವನಿಗೆ ಗಿಡವೂ ತಿಳಿದಿರುವುದೆಂಬ ನಂಬಿಕೆ ನಮ್ಮ ಪಂಡಿತವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಲೇಖಕನೂ ಆ ನಂಬಿಕೆಯಲ್ಲಿಯೇ ಬೆಳೆದವನು. ಅಮರಕೋಶದ ವನೌಷಧಿವರ್ಗವನ್ನು ಎಳೆವಯಸ್ಸಿನಲ್ಲಿಯೇ ಕಂಠಪಾಠ ಮಾಡಿದ್ದೆನಾದುದರಿಂದ, ಭೃಂಗರಾಜಕ್ಕೆ ಮಾರ್ಕವವೆಂಬ ಪರ್ಯಾಯವನ್ನು ತಡವರಿಸದೆ ಹೇಳುತ್ತಿದ್ದೆನು. ಅದಕ್ಕೆ ಕನ್ನಡದಲ್ಲಿ ಗರುಗವೆನ್ನುವರೆಂದೂ ಪಾಠದಲ್ಲಿ ಬರೆಯಿಸುತ್ತಿದ್ದೆನು. ಹಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ, ವಸತಿನಿಲಯದ ಮಕ್ಕಳ ತಲೆಗೆ ಎಣ್ಣೆ ಕಾಯಿಸಬೇಕೆಂದು ಗರುಗದ ಸೊಪ್ಪನ್ನು ತರಹೇಳಿದೆನು. ಇಬ್ಬರು ಹುಡುಗರು ಎರಡು ಬೇರೆ ಬೇರೆ ಗಿಡಗಳನ್ನು ಕಿತ್ತು ತಂದು ಮುಂದಿಟ್ಟು, “ಗುರುಗಳ, ಇದರಾಗ ಖರೇ ಗರಗ ಯಾವುದ್ರಿ?” ಎಂದು ಕೇಳಿದರು. ಎರಡೂ ನೆಲಕ್ಕೆ ಹತ್ತಿಕೊಂಡು ಬೆಳೆಯುವ ಗಿಡಗಳೇ. ಎರಡಕ್ಕೂ ಬಿಳಿಯ ಪುಟ್ಟ ಹೂಗಳೇ. ಪರ್ಯಾಯಪದಗಳೆಲ್ಲ ನಾಲಗೆಯ ತುದಿಯಲ್ಲಿದ್ದರೂ ನನಗೆ ಉತ್ತರ ತಿಳಿಯಲಿಲ್ಲ.

ಆಗ ಅಡುಗೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿಯೊಬ್ಬಳು ಹೊರಗೆ ಬಂದು, ಒಂದು ಗಿಡದ ಎಲೆಯನ್ನು ಅಂಗೈಯಲ್ಲಿ ಹೊಸಕಿ, “ಇದು ಗಾಯಕ್ಕ ಹಿಂಡೂದ್ರೀ ಗುರುಗಳ. ಗರಗ ಅಂದ್ರ ಕೈ ಕರ್ರಗ ಮಾಡತೈತಿ” ಎಂದಳು. ಇನ್ನೊಂದನ್ನು ಹೊಸಕಿದಳು. ಕೆಲವು ನಿಮಿಷಗಳಲ್ಲಿ ಆಕೆಯ ಅಂಗೈ ಕಪ್ಪಾಯಿತು. ಅಂದಿನಿಂದ ಈ ಲೇಖಕನು ಕೋಶವನ್ನು ಕಂಕುಳಲ್ಲಿಟ್ಟುಕೊಂಡು ಹೊಲದ ಬದುಗಳಲ್ಲಿ ತಿರುಗತೊಡಗಿದನು. ಹಾಗೆ ಕಲಿತುದರಲ್ಲಿ ಸೂರ್ಯಕಾಂತಿಯ ಬಳಗಕ್ಕೆ ಸೇರಿದಷ್ಟನ್ನು ಮಾತ್ರ ಇಲ್ಲಿ ನಿವೇದಿಸಿಕೊಳ್ಳುವೆನು.

ಸಸ್ಯಶಾಸ್ತ್ರಜ್ಞರು ಈ ಕುಟುಂಬವನ್ನು ಆಸ್ಟರೇಸಿ ಎನ್ನುವರು. ಹಳೆಯ ಗ್ರಂಥಗಳಲ್ಲಿ ಕಾಂಪೊಸಿಟೆ ಎಂದಿರುವುದೂ ಇದೇ. ಇದರಲ್ಲಿ 25,000ಕ್ಕೂ ಮಿಗಿಲಾದ ಪ್ರಭೇದಗಳಿವೆ. ಹೂಬಿಡುವ ಸಸ್ಯಗಳಲ್ಲಿ ಅತಿ ದೊಡ್ಡ ಕುಟುಂಬವೆಂಬ ಹೆಗ್ಗಳಿಕೆಗೆ ಇದಕ್ಕೂ ಆರ್ಕಿಡ್ ಕುಟುಂಬಕ್ಕೂ ಸ್ಪರ್ಧೆ. ಸೇವಂತಿಗೆ, ಚೆಂಡುಹೂ, ಕುಸುಬೆ, ಗುರೆಳ್ಳು ಇವೆಲ್ಲ ಇದರ ಸಂತತಿಯೇ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆಯೂ ಇದೇ ಕುಟುಂಬದ್ದೆಂದರೆ ಅನೇಕರಿಗೆ ಆಶ್ಚರ್ಯವಾದೀತು.

ಪ್ರಸಂಗವಶಾತ್ ಒಂದು ಮಾತು. ಹಳಗನ್ನಡ ಕಾವ್ಯಗಳಲ್ಲಿ ಸೂರ್ಯಕಾಂತವೆಂಬ ಪದವನ್ನು ಕಂಡೊಡನೆ ಕೆಲವು ವಿದ್ಯಾರ್ಥಿಗಳು ಈ ಹೂವೆಂದು ಅರ್ಥ ಬರೆಯುವುದುಂಟು. ಕಾವ್ಯದ ಸೂರ್ಯಕಾಂತವು ಬಿಸಿಲು ತಾಗಿದರೆ ಕಿಡಿಯುಗುಳುವುದೆಂದು ಕವಿಗಳು ವರ್ಣಿಸುವ ಶಿಲೆ. ಹೂವಾದರೋ ಅಮೆರಿಕ ಖಂಡದ್ದು. ನಮ್ಮ ಹೊಲಗಳಲ್ಲಿ ಎಣ್ಣೆಯ ಬೆಳೆಯಾಗಿ ಅದು ಹರಡಿದ್ದು 1970ರ ದಶಕದಿಂದೀಚೆಗೆ. ಚೆಂಡುಹೂವಿನ ತವರೂ ಮೆಕ್ಸಿಕೊ ಕಡೆಯದೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕುಟುಂಬದಲ್ಲಿ ನಾವು ಹೂವೆಂದು ಕರೆಯುವುದು ಹೂವಲ್ಲ, ಹೂಗಳ ಸಭೆ. ಸೂರ್ಯಕಾಂತಿಯ ಒಂದು ತಟ್ಟೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಕಿರುಹೂಗಳು ಒತ್ತೊತ್ತಾಗಿ ಕುಳಿತಿರುವುವು. ಈ ಸಮೂಹಕ್ಕೆ ತಲೆಯೆಂದೋ ಶಿರೋಮಂಜರಿಯೆಂದೋ ಹೇಳಬಹುದು. ಅಂಚಿನಲ್ಲಿ ಎಸಳಿನಂತೆ ಚಾಚಿರುವ ಒಂದೊಂದೂ ಒಂದು ಇಡಿಯ ಹೂ, ಅದನ್ನು ಕಿರಣಪುಷ್ಪವೆನ್ನೋಣ. ನಡುವಣ ನಳಿಗೆಯಾಕಾರದವು ಬಿಂಬಪುಷ್ಪಗಳು. ತಲೆಯ ಕೆಳಗೆ ಪುಷ್ಪಪಾತ್ರದಂತೆ ತೋರುವ ಹಸಿರು ದಳಗಳು ಪುಷ್ಪಪಾತ್ರವಲ್ಲ. ಇಡಿಯ ಸಭೆಗೆ ಕಟ್ಟಿದ ಪೌಳಿ. ನಿಜವಾದ ಪುಷ್ಪಪಾತ್ರವು ಪ್ರತಿಯೊಂದು ಕಿರುಹೂವಿನ ಬುಡದಲ್ಲಿ ಕೂದಲಾಗಿಯೋ ಹುರುಪೆಯಾಗಿಯೋ ಉಳಿದಿರುವುದು, ಇಲ್ಲವೆ ಇಲ್ಲವಾಗಿರುವುದು. ಬೀಜ ಬಲಿತಾಗ ಗಾಳಿಗೆ ಹಾರುವ ರೋಮಗುಚ್ಛ ಅದೇ. ಎಕ್ಕದ ಅರಳೆಯೂ ಹಾರುವುದಲ್ಲವೇ ಎಂದು ಮಕ್ಕಳು ಕೇಳುವರು. ಎಕ್ಕದ ಬೀಜವು ಕಾಯಿ ಒಡೆದು ಹೊರಬರುವುದು. ಈ ಬಳಗದಲ್ಲಿ ಒಂದು ಕಿರುಹೂವಿಗೆ ಒಂದೇ ಬೀಜ, ಒಡೆಯುವ ಕಾಯಿ ಇಲ್ಲವೇ ಇಲ್ಲ.

ಪರೀಕ್ಷೆಗೆ ಬೇಕಾದುದು ಹೆಬ್ಬೆರಳಿನ ಉಗುರು ಮತ್ತು ಒಂದು ಭೂತಗನ್ನಡಿ. ತಲೆಯನ್ನು ನಡುವೆ ಸೀಳಿ, ಒಂದು ಬಿಂಬಪುಷ್ಪವನ್ನು ಬಿಡಿಸಿ ತೆಗೆಯಬೇಕು. ಐದು ಕೇಸರಗಳ ಪರಾಗಕೋಶಗಳು ಪರಸ್ಪರ ಅಂಟಿ ಒಂದು ಕೊಳವೆಯಾಗಿದ್ದು, ಅದರೊಳಗಿಂದ ಶಲಾಕೆಯು ಪರಾಗವನ್ನು ಪಿಚಕಾರಿಯಂತೆ ಮೇಲಕ್ಕೆ ನೂಕುತ್ತಿದ್ದರೆ, ಅದು ಈ ಕುಟುಂಬವೆಂಬುದರಲ್ಲಿ ಸಂಶಯವಿಲ್ಲ. ಶಿವಪೂಜೆಗೆ ತರುವ ತುಂಬೆಯೂ ಬಿಳಿಯ ಹೂಗಳು ಗುಂಪುಗೂಡಿರುವ ಗಿಡವಾದುದರಿಂದ ಮಕ್ಕಳು ಅದನ್ನು ಇಲ್ಲಿಗೆ ಸೇರಿಸುವುದುಂಟು. ಅದರ ದಂಟು ಚೌಕ, ಹೂವಿಗೆ ಎರಡು ತುಟಿಗಳು. ಅದು ತುಳಸಿಯ ನಂಟು.

ಇನ್ನು ಗರುಗದ ವಿಚಾರ. ಆ ದಿನ ಬಂದಿದ್ದ ಇನ್ನೊಂದು ಗಿಡವು ಟ್ರೈಡ್ಯಾಕ್ಸ್ ಎಂಬ ಅಮೆರಿಕ ಮೂಲದ ಕಳೆ. ಕೆಲವರು ಗಬ್ಬು ಶ್ಯಾವಂತಿಯೆನ್ನುವರು. ಇವೆರಡರ ಭೇದವನ್ನು ತಿಳಿಯದೆ ಔಷಧಕ್ಕೆ ತರುವವರು ಇಂದಿಗೂ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಗರುಗಕ್ಕೆ ನೀರಿನ ನೆರೆ ಬೇಕು: ಕೆರೆಯ ಅಂಚು, ಕಾಲುವೆಯ ಬದು, ಗದ್ದೆಯ ಕೆಸರು. ಟ್ರೈಡ್ಯಾಕ್ಸ್ ಒಣನೆಲದಲ್ಲಿ, ರಸ್ತೆಯ ಬದಿಯಲ್ಲಿ, ಗೋಡೆಯ ಸಂದಿಯಲ್ಲಿಯೂ ಬೆಳೆಯುವುದು. ಗರುಗದ ತಲೆಯ ತೊಟ್ಟು ಗಿಡ್ಡ; ಟ್ರೈಡ್ಯಾಕ್ಸಿನ ತೊಟ್ಟು ಗೇಣುದ್ದ ನೆಟ್ಟಗೆ ನಿಂತು ಒಂಟಿ ತಲೆಯನ್ನು ಹೊತ್ತಿರುವುದು. ಗರುಗದ ಕಿರಣಪುಷ್ಪಗಳು ದಾರದ ಎಳೆಗಳಂತೆ ಸಪುರವಾಗಿ ಬಹಳವಾಗಿರುವುವು, ನಡುವಿನ ಬಿಂಬವೂ ಬಿಳಿಚು. ಟ್ರೈಡ್ಯಾಕ್ಸಿಗೆ ಸಾಮಾನ್ಯವಾಗಿ ಐದಾರೇ ಅಗಲವಾದ ಎಸಳುಗಳು, ತುದಿಯಲ್ಲಿ ಮೂರು ಹಲ್ಲು, ನಡುವೆ ಹಳದಿ ಬಿಂಬ. ಗರುಗದ ಎಲೆ ಭರ್ಜಿಯಾಕಾರ, ಮುಟ್ಟಿದರೆ ಒರಟು. ಇನ್ನೊಂದರ ಎಲೆಯ ಅಂಚು ಆಳವಾಗಿ ಕಚ್ಚಿದಂತಿರುವುದು. ಬೀಜದಲ್ಲಿಯೂ ಭೇದವುಂಟು: ಟ್ರೈಡ್ಯಾಕ್ಸಿನದು ಗರಿಗೂದಲು ಹೊತ್ತು ಹಾರುವುದು, ಗರುಗದ್ದು ಹಾರದು. ಇಷ್ಟೆಲ್ಲ ನೋಡಲು ವ್ಯವಧಾನವಿಲ್ಲದವರು ಆ ಮುದುಕಿ ಮಾಡಿದಂತೆ ಎಲೆಯನ್ನು ಹೊಸಕಿ ನೋಡಬಹುದು. ನಿಘಂಟುಗಳಲ್ಲಿ ಬಣ್ಣಭೇದದಿಂದ ಹೇಳಿರುವ ಪೀತಭೃಂಗರಾಜವು ಹಳದಿ ಹೂವಿನ ಬೇರೊಂದು ಗಿಡ. ಅದೂ ಇದೇ ಕುಟುಂಬದ್ದು.

ಕಿರಣಪುಷ್ಪಗಳೇ ಇಲ್ಲದ ಗಿಡಗಳೂ ಈ ಬಳಗದಲ್ಲಿ ಹಲವು. ಸಹದೇವಿಯ ತಲೆ ನೇರಳೆ ಬಣ್ಣದ ಪುಟ್ಟ ಕುಂಚದಂತೆ. ಎಲೆಗಳು ಒಂದಾದ ಮೇಲೊಂದು ಪರ್ಯಾಯವಾಗಿ ಬರುವುವು. ಬಲಿತಾಗ ಬಿಳಿಯ ನಯವಾದ ಕೂದಲು. ಮಲೆನಾಡಿನವರು ನಾಯಿತುಳಸಿಯೆನ್ನುವ ಗಿಡದ ಹೂವೂ ತಿಳಿನೀಲಿಯ ಕುಂಚವೇ. ಆದರೆ ಅದರ ಎಲೆಗಳು ಎದುರುಬದುರು, ವಾಸನೆ ಕಟು. ಕುಸುಬೆಗೂ ಕಿರಣಪುಷ್ಪವಿಲ್ಲ, ನಳಿಗೆಹೂಗಳೇ ಹಳದಿಯಿಂದ ಕೆಂಪಿಗೆ ತಿರುಗುವುವು. ಎರೆಭೂಮಿಯಲ್ಲಿ ಜೋಳದ ಹೊಲದ ಸುತ್ತ ನಮ್ಮ ಹಿರಿಯರು ಕುಸುಬೆಯ ಸಾಲು ಹಾಕುತ್ತಿದ್ದುದು ಎಣ್ಣೆಗಾಗಿ ಮಾತ್ರವಲ್ಲ, ಅದರ ಮುಳ್ಳಿಗೆ ದನ ಒಳನುಗ್ಗದೆಂದು. ಹಕ್ಕರಿಕೆಯದು ಇದಕ್ಕೆ ತದ್ವಿರುದ್ಧ: ಅದರಲ್ಲಿ ಬಿಂಬಪುಷ್ಪವೇ ಇಲ್ಲ, ಎಲ್ಲವೂ ಹಳದಿ ಪಟ್ಟಿಗಳೇ, ಮುರಿದರೆ ಹಾಲು ಒಸರುವುದು.

ಮರುಳುಮತ್ತಿಯನ್ನು ನೋಡಿದವರು ಅದನ್ನು ಈ ಕುಟುಂಬದ್ದೆಂದು ನಂಬುವುದು ಕಷ್ಟ. ಕಣ್ಣಿಗೆ ಕಾಣುವ ಎಸಳಿಲ್ಲ. ಕೊಕ್ಕೆಮುಳ್ಳಿನ ಕಾಯಿ ಧೋತರಕ್ಕೆ ಅಂಟಿಕೊಂಡು ಮನೆಗೆ ಬರುವುದು. ಆ ಕಾಯಿಯ ಒಳಗೆ ಎರಡು ಬೀಜಗಳು. ಮಳೆ ಬಿದ್ದೊಡನೆ ಏಳುವ ಇದರ ಎಳೆಯ ಸಸಿಯನ್ನು ಮೇಯ್ದರೆ ದನಕರುಗಳಿಗೆ ವಿಷವೇರುವುದೆಂಬುದನ್ನು ರೈತಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು.

ತಲೆಗಳೇ ಸೇರಿ ಮತ್ತೊಂದು ತಲೆಯಾಗುವುದೂ ಉಂಟು. ಕೊಯ್ಲಾದ ಭತ್ತದ ಗದ್ದೆಗಳಲ್ಲಿ ಏಳುವ ಮುಂಡಿಯ ಗುಲಾಬಿನೇರಳೆ ಗುಂಡು ಹಾಗಿರುವುದು. ಬ್ರಹ್ಮದಂಡೆಯಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬಹುದು: ಒಂದು ತಲೆಗೆ ಒಂದೇ ಕಿರುಹೂ, ಅಂಥವು ಹಲವಾರು ಒಂದು ಬಿಂದುವಿನಿಂದ ಸುತ್ತಲೂ ಚಾಚಿ ಮುಳ್ಳಿನ ಚೆಂಡಾಗುವುವು.

ಈ ಬ್ರಹ್ಮದಂಡೆಯ ಹೆಸರಿನಲ್ಲಿಯೇ ಒಂದು ಅಪಾಯ ಅಡಗಿದೆ. ಬ್ರಹ್ಮದಂಡಿಯೆಂಬ ಹೆಸರನ್ನು ಹಳದಿ ಹೂವಿನ ದತ್ತೂರಿ ಗಿಡಕ್ಕೂ, ಅಂದರೆ ಶಾಸ್ತ್ರಜ್ಞರು ಆರ್ಜಿಮೋನ್ ಎನ್ನುವ ಗಿಡಕ್ಕೂ, ಹಲವರು ಬಳಸುವರು. ಎರಡಕ್ಕೂ ಎಲೆಯ ತುಂಬ ಮುಳ್ಳು. ಆದರೆ ಆರ್ಜಿಮೋನ್ ಅಫೀಮಿನ ಗಿಡದ ಕುಟುಂಬದ್ದು. ಬಿಡಿಯಾದ ಒಂದೇ ಹೂ, ತೆಳುವಾದ ಹಳದಿ ಎಸಳು, ಮುರಿದರೆ ಹಳದಿ ರಸ, ಕಾಯಿಯೊಳಗೆ ಸಾಸಿವೆಯಂಥ ಕಪ್ಪು ಬೀಜ. ಆ ಬೀಜದ ಎಣ್ಣೆ ಸಾಸಿವೆಯೆಣ್ಣೆಯಲ್ಲಿ ಬೆರೆತರೆ ಮೈ ಊದುವ ರೋಗ ಬರುವುದು. 1998ರಲ್ಲಿ ದೆಹಲಿಯಲ್ಲಿ ಹೀಗೆಯೇ ಅನೇಕರು ಪ್ರಾಣ ಕಳೆದುಕೊಂಡರು. ನಿಘಂಟಿನಲ್ಲಿ ಬ್ರಹ್ಮದಂಡಿಯೆಂದಿದೆಯೆಂಬ ಆಧಾರದ ಮೇಲೆ ಯಾರೂ ಗಿಡ ಕೀಳಕೂಡದು. ನಮ್ಮ ಪಂಡಿತರು ಅರ್ಥ ಬರೆಯುವಾಗ “ಒಂದು ಜಾತಿಯ ಮುಳ್ಳಿನ ಗಿಡ” ಎಂದು ಬರೆದು ಮುಂದೆ ಸಾಗುವ ಪದ್ಧತಿಯನ್ನು ಬಿಡದಿದ್ದರೆ ಈ ಗೊಂದಲ ತಪ್ಪದು.

ಕೊನೆಗೆ ಕಾಂಗ್ರೆಸ್ ಗಿಡ. ಇದರ ಬಗ್ಗೆ ಬರೆಯುವಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಒಮ್ಮೆ ಶ್ರಮದಾನದಲ್ಲಿ ಆಟದ ಬಯಲಿನ ಅಂಚನ್ನು ಶುಚಿಗೊಳಿಸಬೇಕಾಗಿತ್ತು. ಮೊಣಕಾಲೆತ್ತರದ, ಸೀಳೆಲೆಯ ಗಿಡಗಳನ್ನು ಕಂಡು, ಇದು ದವನದ ಜಾತಿ, ಬರಿಗೈಯಿಂದಲೇ ಕೀಳಿರೆಂದು ಮಕ್ಕಳಿಗೆ ಹೇಳಿದೆನು. ಎಲೆಯ ಸೀಳು ದವನವನ್ನು ಹೋಲುವುದು ನಿಜ. ಎರಡೂ ಒಂದೇ ಕುಟುಂಬವೆಂಬುದೂ ನಿಜ. ಎರಡು ದಿನಗಳಲ್ಲಿ ಒಬ್ಬ ಬಾಲಕನ ಕೈ, ಕುತ್ತಿಗೆ, ಕಣ್ಣುರೆಪ್ಪೆಗಳು ಕೆಂಪಗೆ ಊದಿದವು. ಅವನ ತಂದೆ ಬಂದು, “ಗುರುಗಳ, ತಾವು ತಿಳಿದವರು, ಹೀಂಗ ಯಾಕ ಮಾಡಿದ್ರಿ?” ಎಂದು ಮೆಲ್ಲಗೆ ಕೇಳಿದರು. ಆ ಬಾಲಕನಿಗೆ ವಾಸಿಯಾಗಲು ಹಲವು ವಾರಗಳು ಹಿಡಿದವು.

ದವನದ ಎಲೆಯ ಮೇಲೆ ಬೂದಿಬಣ್ಣದ ನವಿರು; ಬೆರಳು ತಾಗಿದರೆ ಸಾಕು, ಪರಿಮಳ. ಕಾಂಗ್ರೆಸ್ ಗಿಡಕ್ಕೆ ಆ ಪರಿಮಳವಿಲ್ಲ. ದವನದ ತಲೆಗಳು ಹಳದಿ, ಕಿರಣಪುಷ್ಪರಹಿತ. ಕಾಂಗ್ರೆಸ್ ಗಿಡದವು ಬಿಳಿ, ಭೂತಗನ್ನಡಿಯಲ್ಲಿ ನೋಡಿದರೆ ಐದು ಮೂಲೆಗಳಲ್ಲಿ ಐದು ಕಿರುಕಿರಣಗಳು. ಆ ಐದೇ ಬೀಜ ಕಟ್ಟುವುವು. ನಡುವಣವು ಪರಾಗ ಕೊಡುವುದಕ್ಕಷ್ಟೇ. ತಲೆಗೆ ಐದೇ ಬೀಜವಾದರೂ ತಲೆಗಳು ಅಸಂಖ್ಯಾತವಾದುದರಿಂದ ಒಂದು ಗಿಡ ಸಾವಿರಾರು ಬೀಜ ಚೆಲ್ಲುವುದು. ಇದರಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವೇ ಚರ್ಮದ ಉರಿಗೆ ಮುಖ್ಯ ಕಾರಣ. ಹೂವಿಲ್ಲದ ಎಳೆಗಿಡವೂ ನಿರಪಾಯಕಾರಿಯಲ್ಲ. ಕೈಚೀಲ ತೊಟ್ಟು, ತೋಳು ಮುಚ್ಚಿ, ಮಳೆ ಬಂದು ನೆಲ ಹಸಿಯಿರುವಾಗ ಹೂಬಿಡುವ ಮೊದಲೇ ಬೇರುಸಹಿತ ಕೀಳುವುದು ಕ್ರಮ; ಒಮ್ಮೆ ಉರಿ ಕಂಡವರನ್ನು ಆ ಕೆಲಸಕ್ಕೆ ಮತ್ತೆ ಹಚ್ಚಬಾರದು.

ಈ ಗಿಡ ಪುಣೆಯಲ್ಲಿ ವಿದ್ವಾಂಸರ ಗಮನಕ್ಕೆ ಬಂದುದು 1955ರಲ್ಲಿ. ಆಮದಾದ ಗೋಧಿಯೊಡನೆ ಬಂದಿತೆಂಬುದು ಪ್ರಚಲಿತ ಅಭಿಪ್ರಾಯ. ಮೆಕ್ಸಿಕೊದಿಂದ ತಂದ, ಇದರ ಎಲೆಯನ್ನೇ ತಿನ್ನುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ಮಳೆಗಾಲದಲ್ಲಿ ಚೆನ್ನಾಗಿ ತಿಂದು, ಬೇಸಿಗೆಯಲ್ಲಿ ಮಣ್ಣಿನೊಳಗೆ ನಿದ್ರಿಸುವುದು. ಗಿಡವಾದರೋ ತೇವ ಸಿಕ್ಕಲ್ಲಿ ವರ್ಷವಿಡೀ ಏಳುವುದು. ಕರಾವಳಿಯ ಕಡೆ ಇದೇ ಕುಟುಂಬದ ಇನ್ನೊಂದು ಆಗಂತುಕ ಪೊದೆಗೆ ಕಮ್ಯುನಿಸ್ಟ್ ಗಿಡವೆಂದು ಹೆಸರು. ನಮ್ಮ ಜನ ಕಳೆಗಳಿಗೆ ಹೆಸರಿಡುವಾಗ ಪಕ್ಷಪಾತ ಮಾಡಿಲ್ಲವೆಂಬುದು ಸಮಾಧಾನದ ಸಂಗತಿ.

ಕನ್ನಡದಲ್ಲಿ ಸಸ್ಯಗಳ ವಿಷಯವನ್ನು ರಸವತ್ತಾಗಿ ಬರೆಯಬಹುದೆಂಬುದಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಾಕ್ಷಿ. ಆ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಮ್ಮ ಶಾಲೆಯಲ್ಲಿ ಅಷ್ಟು ದೊಡ್ಡ ಪ್ರಯತ್ನ ಸಾಧ್ಯವಿಲ್ಲ. ಕಾರ್ತಿಕ ಮಾಸದಲ್ಲಿ, ಹೂಗಳು ಹೆಚ್ಚಾಗಿರುವಾಗ, ಮಕ್ಕಳು ಒಂದೊಂದು ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ, ದಿನವೂ ಕಾಗದ ಬದಲಿಸಿ, ಒಣಗಿದ ಮೇಲೆ ರಟ್ಟಿಗೆ ಹೊಲಿಯುವರು. ಪ್ರತಿಯೊಂದು ಹಾಳೆಯಲ್ಲಿ ಸ್ಥಳ, ತಿಥಿ, ಊರ ಹೆಸರು, ಶಾಸ್ತ್ರದ ಹೆಸರು, ಹೆಸರನ್ನು ತಿಳಿಸಿದವರು ಎಂಬ ಐದು ಅಂಕಣಗಳಿವೆ. ವಾಚನಾಲಯದ ಕಪಾಟಿನಲ್ಲಿರುವ ಈ ಹಾಳೆಗಳನ್ನು ಹಳೆಯ ವಿದ್ಯಾರ್ಥಿಗಳು ನೋಡಿ, ತಮ್ಮ ತಮ್ಮ ಊರಿನಲ್ಲಿ ಆ ಗಿಡಕ್ಕೆ ಏನೆನ್ನುವರೆಂಬುದನ್ನು ಮೂರನೆಯ ಅಂಕಣದಲ್ಲಿ ಸೇರಿಸಬೇಕಾಗಿ ಕೋರಿಕೆ. ಗರುಗದ ಹಾಳೆಯ ಐದನೆಯ ಅಂಕಣದಲ್ಲಿ ಅಡುಗೆಯ ಮನೆಯ ಆ ಮುದುಕಿಯ ಹೆಸರನ್ನು ಬರೆದಿದ್ದೇವೆ.