ಎಷ್ಟು ಆಳ? ಎಲ್ಲಿಂದ?

ರಸ್ತೆ ಅಗೆಯುವ ಮುಂಚೆ ಹಳೆಯ ನಕ್ಷೆ ತರಿಸಿಕೊಂಡರೆ, ನೀರಿನ ಪೈಪಿನ ಗೆರೆಯ ಪಕ್ಕದಲ್ಲಿ ‘ಆಳ 1 ಮೀ.’ ಎಂದು ಬರೆದಿರುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮಳೆನೀರು ಚರಂಡಿಯ ಕೆಲಸ ಮಾಡಿಸುತ್ತ ಬಂದ ನನಗೆ ಆ ಗೆರೆಯ ಮೇಲೆ ತಕ್ಕಮಟ್ಟಿಗೆ ನಂಬಿಕೆ ಉಂಟು, ಆ ಅಂಕಿಯ ಮೇಲಿಲ್ಲ. ಒಂದು ಮೀಟರ್ ಎಂದರೆ ಎಲ್ಲಿಂದ? ಪೈಪು ಹೂತ ದಿನ ಇದ್ದ ರಸ್ತೆಯಿಂದ. ಆಮೇಲೆ ಅದರ ಮೇಲೆ ಪದರ ಪದರವಾಗಿ ಡಾಂಬರು ಬಿದ್ದಿರುತ್ತದೆ, ಇಲ್ಲವೇ ಯಾರೋ ಕೆರೆದು ತಗ್ಗಿಸಿರುತ್ತಾರೆ. ಪೈಪು ಇದ್ದಲ್ಲೇ ಇದೆ, ಆಳ ಮಾತ್ರ ಬದಲಾಗಿದೆ. ಇನ್ನೊಂದು ತೊಡಕು: ನೀರಿನವರು ಆಳ ಎಂದರೆ ಪೈಪಿನ ನೆತ್ತಿಯವರೆಗೆ ಲೆಕ್ಕ ಹಿಡಿಯುತ್ತಾರೆ, ಒಳಚರಂಡಿಯವರು ಒಳತಳದವರೆಗೆ. 300 ಮಿ.ಮೀ. ಪೈಪಿನಲ್ಲಿ ಈ ಗೊಂದಲದ ಬೆಲೆ ಒಂದು ಅಡಿ.

ಹೆಸರಘಟ್ಟದ ನೀರು ಊರಿಗೆ ಬಂದದ್ದು 1896ರಲ್ಲಿ, ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ನಡುವಿನ ಲೈನುಗಳ ಕಾಗದಪತ್ರ ಸಿಕ್ಕರೆ ಪುಣ್ಯ. ಹಾಗಾಗಿ ನಾನು ಮೊದಲು ಹುಡುಕುವುದು ಆ ಏರಿಯಾದ ವಾಲ್ವ್‌ಮನ್‌ನನ್ನು. ‘ಇಲ್ಲೇ ಸಾರ್, ಸೊಂಟದುದ್ದಕ್ಕೆ ಸಿಗುತ್ತೆ’ ಎನ್ನುತ್ತಾರೆ. ‘ನೀವು ಕಣ್ಣಾರೆ ನೋಡಿದ್ದು ಯಾವಾಗಣ್ಣ?’ ಎಂದು ಕೇಳಲೇಬೇಕು. ‘ಟಾರ್ ಹಾಕೋಕೆ ಮುಂಚೆ ಸಾರ್.’ ಜಾಗದ ಬಗ್ಗೆ ಅವರ ಮಾತು ತಪ್ಪುವುದು ಅಪರೂಪ. ಸೊಂಟದುದ್ದವನ್ನು ಮಾತ್ರ ನಾವೇ ತಿದ್ದಿಕೊಳ್ಳಬೇಕು.

ಒಳಚರಂಡಿಯ ಲೆಕ್ಕ ಸುಲಭ. ಎರಡು ಮ್ಯಾನ್‌ಹೋಲ್‌ಗಳ ಮುಚ್ಚಳ ತೆಗೆದು, ಮೇಲಿನಿಂದಲೇ ಅಳತೆಯ ಕೋಲು (ಸ್ಟಾಫ್) ಇಳಿಸಿ ತಳದ ಲೆವೆಲ್ ತೆಗೆದುಕೊಂಡರೆ ನಡುವಿನ ಇಳಿಜಾರು ತಾನೇ ಸಿಗುತ್ತದೆ. ಇಷ್ಟಕ್ಕೆ ಯಾರನ್ನೂ ಒಳಗೆ ಇಳಿಸಬೇಕಾಗಿಲ್ಲ, ಇಳಿಸಲೂಬಾರದು. ಅಲ್ಲಿನ ವಿಷಾನಿಲ ಉಸಿರು ನಿಲ್ಲಿಸುತ್ತದೆ. ಆದರೆ ಮನೆಗಳಿಂದ ಬಂದು ಸೇರುವ ಸಣ್ಣ ಪೈಪುಗಳು ಈ ಲೆಕ್ಕಕ್ಕೂ ನಕ್ಷೆಗೂ ಸಿಗುವುದಿಲ್ಲ, ಮೇಲುಮೇಲೆಯೇ ಇರುತ್ತವೆ. ಜೆಸಿಬಿ ಮೊದಲು ಒಡೆಯುವುದು ಅವನ್ನೇ.

ಯಂತ್ರಗಳಿವೆ. ಪೈಪ್ ಲೊಕೇಟರ್ ಬೀಡುಕಬ್ಬಿಣದ ಪೈಪನ್ನೂ ಕೇಬಲ್ಲನ್ನೂ ಹಿಡಿಯುತ್ತದೆ. ಜೊತೆಗೆ ತಂತಿ ಹೂಳದಿದ್ದರೆ ಪ್ಲಾಸ್ಟಿಕ್ ಪೈಪು ಅದಕ್ಕೆ ಕಾಣುವುದಿಲ್ಲ. ಅಡುಗೆ ಅನಿಲದ ಹಳದಿ ಪೈಪೂ ಪ್ಲಾಸ್ಟಿಕ್ಕೇ. ಲೊಕೇಟರ್ ತೋರಿಸುವ ಆಳ ನೆತ್ತಿಯದ್ದಲ್ಲ, ಪೈಪಿನ ನಡುವಿನದ್ದು. ಪಕ್ಕದಲ್ಲಿ ಇನ್ನೊಂದು ಲೈನ್ ಇದ್ದರೆ ಅಂಕಿ ದಾರಿ ತಪ್ಪುತ್ತದೆ. ಇದಕ್ಕೊಂದು ಪರೀಕ್ಷೆಯುಂಟು: ಯಂತ್ರವನ್ನು ನೆಲದಿಂದ ಅರ್ಧ ಮೀಟರ್ ಎತ್ತಿ ಹಿಡಿಯಿರಿ. ಆಳವೂ ಅರ್ಧ ಮೀಟರ್ ಹೆಚ್ಚು ತೋರಿಸಬೇಕು. ತೋರಿಸದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.

ನೆಲದೊಳಕ್ಕೆ ಅಲೆ ಕಳಿಸುವ ರೇಡಾರ್ ಪ್ಲಾಸ್ಟಿಕ್ಕನ್ನೂ ಕಾಣಬಲ್ಲದು. ಆದರೆ ಅದು ಆಳವನ್ನು ಅಳೆಯುವುದಿಲ್ಲ. ಅಲೆ ಹೋಗಿಬರುವ ಹೊತ್ತನ್ನು ಅಳೆದು, ಮಣ್ಣಿನಲ್ಲಿ ಅದರ ವೇಗ ಇಷ್ಟೆಂದು ಹಿಡಿದು ಲೆಕ್ಕ ಹಾಕುತ್ತದೆ. ಒದ್ದೆ ಮಣ್ಣಿನಲ್ಲಿ ಅಲೆ ನಿಧಾನ. ಬೇಸಿಗೆಯ ವೇಗವನ್ನೇ ಇಟ್ಟುಕೊಂಡು ಮಳೆಗಾಲದಲ್ಲಿ ಓಡಿಸಿದರೆ ಪೈಪು ಇರುವುದಕ್ಕಿಂತ ಕೆಳಗೆ ಕಾಣುತ್ತದೆ. ಜೇಡಿಮಣ್ಣು, ಎರೆಮಣ್ಣಿನಲ್ಲಂತೂ ಅಲೆ ಬೇಗ ಸೊರಗುತ್ತದೆ. ವರದಿಯ ಬಣ್ಣದ ಚಿತ್ರಗಳಿಗೆ ಮರುಳಾಗದೆ, ಆಳ ಗೊತ್ತಿರುವ ಒಂದು ಪೈಪಿನ ಮೇಲೆ ಮೊದಲು ಓಡಿಸಿ ತೋರಿಸಲು ಹೇಳಿ.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಟ್ಟ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಅಗೆಯುವವರಿಗೂ ಲೈನಿನ ಒಡೆಯರಿಗೂ ಸಂಪರ್ಕ ಮಾಡಿಕೊಡುತ್ತದೆ. ಒಳ್ಳೆಯ ಕೆಲಸ. ಆದರೂ ಆಳದ ಪ್ರಶ್ನೆಗೆ ಕೊನೆಯ ಉತ್ತರ ಕೊಡುವುದು ಟ್ರಯಲ್ ಪಿಟ್ಟೇ, ಅಂದರೆ ಪೈಪನ್ನು ಕಣ್ಣಾರೆ ನೋಡಲು ತೋಡುವ ಪರೀಕ್ಷೆಯ ಗುಂಡಿ.

ಅದನ್ನು ಹೊಸ ಚರಂಡಿ ಹಳೆಯ ಲೈನನ್ನು ದಾಟುವ ಜಾಗದಲ್ಲೇ ತೋಡಿಸಬೇಕು, ಟ್ರಾಫಿಕ್ ಕಡಿಮೆ ಇದೆಯೆಂದು ಎಲ್ಲೋ ಪಕ್ಕದಲ್ಲಲ್ಲ. ಲೈನಿಗೆ ಅಡ್ಡಲಾಗಿ, ಕೈಯಿಂದ. ಡಾಂಬರು ಒಡೆಯಲು ಯಂತ್ರ ಸರಿ. ಆಮೇಲೆ ಸಲಿಕೆಯೇ ಗತಿ, ಹಾರೆ ದೂರವಿರಲಿ. ಕೆಂಪು ಮಣ್ಣಿನ ನಡುವೆ ಮರಳು ಕಂಡರೆ ಹತ್ತಿರ ಬಂದಿರೆಂದು ಅರ್ಥ. ಪೈಪು ಕಂಡ ಮೇಲೆ ಟೇಪಿನಿಂದ ಆಳ ನೋಡಿ ಮುಚ್ಚಿಬಿಡುವುದು ಅರ್ಧ ಕೆಲಸ. ಲೆವೆಲ್ ಯಂತ್ರ ಇಟ್ಟು ನೆತ್ತಿಯ ಲೆವೆಲ್ಲನ್ನು ಅಲುಗಾಡದ ಒಂದು ಗುರುತಿಗೆ, ಮೋರಿಯ ಕಟ್ಟೆಗೋ ಹಳೆಯ ಕಟ್ಟಡದ ಪಾಯಕ್ಕೋ, ಹೋಲಿಸಿ ಬರೆದಿಡಬೇಕು. ಮ್ಯಾನ್‌ಹೋಲ್ ಮುಚ್ಚಳ ಬೇಡ. ರಸ್ತೆ ಏರಿದಾಗ ಅದೂ ಏರುತ್ತದೆ. ಒಂದು ಗುಂಡಿಯ ಉತ್ತರವನ್ನು ಇಡೀ ಬೀದಿಗೆ ಹಚ್ಚುವುದೂ ತಪ್ಪು. ರಸ್ತೆ ಅಗೆಯದೆ ಅಡಿಯಲ್ಲೇ ಕೊರೆದು ಎಳೆದ ಪೈಪು ಎರಡು ತುದಿಯಲ್ಲಿ ಮೇಲೆ, ನಡುವೆ ಆಳದಲ್ಲಿ ಇರುತ್ತದೆ.

ಇದೆಲ್ಲ ಗುತ್ತಿಗೆದಾರರಿಗೆ ಗೊತ್ತಿಲ್ಲವೆಂದಲ್ಲ. ಗುಂಡಿ ತೋಡಿದ್ದಕ್ಕೆ ದುಡ್ಡಿಲ್ಲ, ಪೈಪು ಒಡೆದರೆ ರಿಪೇರಿ ಖರ್ಚು ಹೇಗೋ ಹೊಂದುತ್ತದೆ ಎಂಬ ಲೆಕ್ಕ ಅವರದು. ಅಂದಾಜುಪಟ್ಟಿ ಬರೆಯುವ ಎಂಜಿನಿಯರುಗಳಲ್ಲಿ ನನ್ನ ಕೇಳಿಕೆ ಇದು: ಟ್ರಯಲ್ ಪಿಟ್‌ಗೆ ಪ್ರತ್ಯೇಕ ಐಟಂ, ಪ್ರತ್ಯೇಕ ದರ ಇಡಿ. ಸಿಕ್ಕ ಲೆವೆಲ್‌ಗಳನ್ನು ಲೈನಿನ ಇಲಾಖೆಗೆ ಬರಹದಲ್ಲಿ ಒಪ್ಪಿಸುವವರೆಗೆ ಆ ಐಟಂನ ಬಿಲ್ ಪಾಸ್ ಮಾಡಬೇಡಿ.