ಬೋಡಿಗೆ ಹೊರಟಿದ್ದೀರಾ? ಇಷ್ಟು ಕೇಳಿಕೊಂಡು ಹೋಗಿ

ಬೇಸಿಗೆ ಬಂತೆಂದರೆ ಮಗನ ಮನೆಗೋ ಮಗಳ ಮನೆಗೋ ಎಂದು ಕ್ಯಾಲಿಫೋರ್ನಿಯಾಗೆ ಹೊರಡುವ ನಮ್ಮವರು ಈಗ ಕಡಿಮೆಯೇನಿಲ್ಲ. ಗೋಲ್ಡನ್ ಗೇಟ್ ಆಯಿತು, ಯೊಸೆಮಿಟಿ ಆಯಿತು, ಇನ್ನು ಬೋಡಿಗೆ ಹೋಗೋಣ ಎಂದು ಮಕ್ಕಳು ಹೇಳಿದರೆ, ಹಾಳೂರಿನಲ್ಲಿ ನೋಡುವುದೇನಿದೆ ಎಂದು ಮೂಗು ಮುರಿಯಬೇಡಿ. ಖಂಡಿತ ಹೋಗಿ. ಆದರೆ ಕೈ ಬೀಸಿಕೊಂಡು ಹೋಗಬೇಡಿ.

ಹೊರಡುವ ಮುಂಚೆ ಊರಿನ ಕಥೆ ಒಂದಿಷ್ಟು ತಿಳಿದಿರಲಿ. ನೆವಾಡಾ ಗಡಿಯ ಹತ್ತಿರದ ಈ ಬೋಳು ಗುಡ್ಡಗಳಲ್ಲಿ 1859ರಲ್ಲಿ ಬೋಡಿ ಎಂಬಾತನಿಗೆ ಚಿನ್ನ ಸಿಕ್ಕಿತು. ಊರಿಗೆ ಅವನ ಹೆಸರು ಉಳಿಯಿತು. ಅವನು ಮಾತ್ರ ಅದೇ ಚಳಿಗಾಲ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ. 1880ರ ಹೊತ್ತಿಗೆ ಸಾವಿರಾರು ಜನ ಬಂದು ಸೇರಿದ್ದರು. ಅದಿರು ಕಡಿಮೆಯಾದಂತೆ ಜನ ಗಂಟುಮೂಟೆ ಕಟ್ಟಿದರು. 1892ರಲ್ಲಿ ಒಮ್ಮೆ, 1932ರಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದು ಊರಿನ ಬಹುಪಾಲು ಸುಟ್ಟುಹೋಯಿತು. 1962ರಲ್ಲಿ ರಾಜ್ಯ ಸರ್ಕಾರ ಇದನ್ನು ಪಾರ್ಕ್ ಮಾಡಿತು. ಈಗ ಉಳಿದಿರುವುದು ನೂರಕ್ಕೆ ತುಸು ಹೆಚ್ಚು ಕಟ್ಟಡ. ಅವು ಬೀಳದಂತೆ ಆಸರೆ ಕೊಡುತ್ತಾರೆ, ಸೂರು ಸೋರದಂತೆ ನೋಡಿಕೊಳ್ಳುತ್ತಾರೆ. ಹೊಸ ಬಣ್ಣ ಬಳಿಯುವುದಿಲ್ಲ, ಒಳಗಿನ ಧೂಳನ್ನೂ ಒರೆಸುವುದಿಲ್ಲ. ಇದು ಗೊತ್ತಿದ್ದರೆ 'ಇಷ್ಟು ಶ್ರೀಮಂತ ದೇಶ, ಒಂದು ಕಸಪೊರಕೆಗೆ ಗತಿಯಿಲ್ಲವೇ' ಎಂದು ನೀವು ಗೊಣಗುವುದು ತಪ್ಪುತ್ತದೆ.

ಇನ್ನು ದಾರಿ. 395ನೇ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಕೊನೆಯ ಐದು ಕಿಲೋಮೀಟರ್ ಡಾಂಬರು ಇಲ್ಲ. ಬೆನ್ನುನೋವು ಇರುವವರು ಮುಂದಿನ ಸೀಟಿನಲ್ಲಿ ಕೂರಿ. ಚಳಿಗಾಲದಲ್ಲಿ ಈ ದಾರಿ ಹಿಮದಲ್ಲಿ ಹೂತುಹೋಗುತ್ತದೆ. ಯೊಸೆಮಿಟಿ ಕಡೆಯಿಂದ ಬರುವ ಟಿಯೋಗಾ ಕಣಿವೆಯ ದಾರಿಯೂ ಮುಚ್ಚಿರುತ್ತದೆ. ವಿಚಾರಿಸದೆ ಹೊರಟರೆ, ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಬರಬೇಕಾದೀತು. ಅಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ. ಬ್ರಿಜ್‌ಪೋರ್ಟ್‌ನಲ್ಲೋ ಲೀ ವೈನಿಂಗ್‌ನಲ್ಲೋ ಟ್ಯಾಂಕ್ ತುಂಬಿಸಿಕೊಳ್ಳಿ. ಚಪಾತಿ, ಚಿತ್ರಾನ್ನ, ಬೇಕಾದಷ್ಟು ನೀರು ಕಾರಿನಲ್ಲಿರಲಿ. ಬುತ್ತಿ ಕಟ್ಟಿದ ಪೇಪರ್ ಅಲ್ಲೇ ಎಸೆದು ನಮ್ಮವರ ಹೆಸರು ಕೆಡಿಸಬೇಡಿ.

ಊರು ಇರುವುದು 8,379 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎರಡು ಸಾವಿರ ಅಡಿ ಮೇಲೆ! ಇಳಿದ ಕೂಡಲೇ ದಡದಡ ನಡೆದರೆ ಉಸಿರು ಕಟ್ಟುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ನಿಧಾನವಾಗಿ ನಡೆಯಿರಿ, ನಡುನಡುವೆ ನೀರು ಕುಡಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು ಮೊದಲೇ ಡಾಕ್ಟರನ್ನು ಕೇಳಿ. ಬಿಸಿಲಿಗೆ ಟೋಪಿ, ಗಾಳಿಗೆ ಸ್ವೆಟರ್ ಎರಡೂ ಬೇಕು. ಸೀರೆ ಉಡಬೇಡಿ ಎನ್ನುವುದಿಲ್ಲ, ಆದರೆ ಕಾಲಿಗೆ ಶೂ ಇರಲಿ. ಹಳೆಯ ಮೊಳೆ, ಒಡೆದ ಗಾಜು ನೆಲದ ಮೇಲೆ ಹಾಗೆಯೇ ಬಿದ್ದಿರುತ್ತವೆ.

ಊರನ್ನು ನೀವೇ ಸುತ್ತಬಹುದು. ಸ್ಟ್ಯಾಂಡರ್ಡ್ ಗಿರಣಿಯ ಒಳಗೆ ಮಾತ್ರ ಗೈಡ್ ಜೊತೆಯಲ್ಲೇ ಹೋಗಬೇಕು. ಅದನ್ನು ತಪ್ಪಿಸಿಕೊಳ್ಳಬೇಡಿ, ಬೋಡಿಯ ಜೀವಾಳವೇ ಅದು. ಒನಕೆಯ ಹಾಗೆ ಎದ್ದು ಬೀಳುವ 20 ಕಬ್ಬಿಣದ ಕಂಬಗಳು ಅದಿರನ್ನು ಕುಟ್ಟಿ ಪುಡಿ ಮಾಡುತ್ತಿದ್ದವು. ಆ ಪುಡಿಯನ್ನು ನೀರಿನ ಜೊತೆ ಪಾದರಸ ಸವರಿದ ತಗಡಿನ ಮೇಲೆ ಹರಿಸಿದರೆ ಚಿನ್ನ ಅಂಟಿಕೊಳ್ಳುತ್ತಿತ್ತು. ಆಮೇಲಾಮೇಲೆ ಸೈನೈಡೂ ಬಂತು. ಅದಕ್ಕೇ ಹೇಳುವುದು, ಮೊಮ್ಮಕ್ಕಳನ್ನು ಗಿರಣಿಯ ಸುತ್ತಲ ಮಣ್ಣಿನಲ್ಲಿ ಆಡಲು ಬಿಡಬೇಡಿ; ಕೈ ತೊಳೆಸದೆ ತಿನ್ನಲು ಕೊಡಬೇಡಿ.

ಗೈಡ್ ಮಾತಾಡುವಾಗ ಫೋನ್ ಒಳಗಿಡಿ. ಅವರು ಹೇಳುವುದನ್ನು ಕೇಳಿ, ನೀವೂ ಪ್ರಶ್ನೆ ಕೇಳಿ. ವಿದ್ಯುತ್ ಹೇಗೆ ಬಂತು ಎಂದೇ ಕೇಳಿ ನೋಡಿ. ನಮ್ಮ ಕೋಲಾರದ ಗಣಿಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಈ ಗಿರಣಿಗೆ 20 ಕಿಲೋಮೀಟರ್ ದೂರದ ಹೊಳೆಯಿಂದ ತಂತಿ ಎಳೆದಿದ್ದರು. ಇಂಥ ಮಾತು ಬೋರ್ಡ್ ಓದಿ ಮುಂದೆ ಹೋದರೆ ಸಿಗುವುದಿಲ್ಲ. ಗುಂಪು ಬಿಟ್ಟು ಫೋಟೋಕ್ಕೆಂದು ಹಗ್ಗ ದಾಟಬೇಡಿ. ಗುಡ್ಡದ ಮೇಲಿನ ಗಣಿಗಳ ಕಡೆಗಂತೂ ಹೆಜ್ಜೆ ಇಡಬೇಡಿ. ಅಲ್ಲಿ ಹಳೆಯ ಸುರಂಗಗಳಿವೆ.

ಹೆಚ್ಚಿನ ಮನೆಗಳನ್ನು ಕಿಟಕಿಯಿಂದಲೇ ನೋಡಬೇಕು. ಶಾಲೆಯ ಗಾಜಿಗೆ ಕಣ್ಣಿಟ್ಟರೆ ಡೆಸ್ಕುಗಳು ಸಾಲಾಗಿ ಕಾಣುತ್ತವೆ, ಭೂಪಟದ ಒಂದು ಗೋಳವೂ (ಗ್ಲೋಬ್) ಇದೆ. ಅಂಗಡಿಯ ಕಪಾಟಿನಲ್ಲಿ ಆ ಕಾಲದ ಡಬ್ಬಿಗಳಿವೆ. ನೋಡಿ, ಆದರೆ ಗಾಜಿಗೆ ಒರಗಬೇಡಿ, ಗೋಡೆಯ ಹಲಗೆ ಅಲ್ಲಾಡಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ನೆನಪಿಗೆಂದು ಏನನ್ನೂ ಎತ್ತಿಕೊಳ್ಳಬೇಡಿ. ತುಕ್ಕು ಹಿಡಿದ ಮೊಳೆ ತಾನೇ, ಯಾರಿಗೆ ಬೇಕು ಎನ್ನುತ್ತೀರಿ. ಹನಿ ಹನಿಗೂಡಿದರೆ ಹಳ್ಳ. ಬಂದವರೆಲ್ಲ ಒಂದೊಂದು ಮೊಳೆ ಒಯ್ದರೆ ಊರು ಎಲ್ಲಿ ಉಳಿದೀತು? ಕಾನೂನಿನ ಪ್ರಕಾರವೂ ಅಪರಾಧ. ಬೋಡಿಯ ವಸ್ತು ಕದ್ದವರಿಗೆ ಶಾಪ ತಟ್ಟುತ್ತದೆಂಬ ಕಥೆಯಿದೆ. ಅದಕ್ಕೆ ಹೆದರಿ ಕ್ಷಮೆಯ ಪತ್ರದೊಂದಿಗೆ ಕಲ್ಲು, ಮೊಳೆ, ಗಾಜು ವಾಪಸ್ ಕಳಿಸಿದವರು ಎಷ್ಟೋ ಮಂದಿ. ಶಾಪ ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಬೇಕಿದ್ದರೆ ಅಲ್ಲಿನ ಮ್ಯೂಸಿಯಂನಲ್ಲಿ ಪುಸ್ತಕ ಕೊಳ್ಳಿ. ಮೊಮ್ಮಕ್ಕಳಿಗೂ ಓದಿ ಹೇಳಬಹುದು.

ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯೇ, ಗಿರಣಿಯ ಟೂರ್ ಎಷ್ಟು ಹೊತ್ತಿಗೆ ಎಂದು ಮಗಳ ಹತ್ತಿರ ನೋಡಿಸಿ. ಬೆಳಿಗ್ಗೆ ಬೇಗ ಎದ್ದು ಹೊರಡಿ. ಮಾತ್ರೆ ಡಬ್ಬಿ ಮರೆಯಬೇಡಿ.