ಕರಿ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆಸೋ ಮುಂಚೆ

ಬೇಸ್ ಮಾಡೆಲ್ ಕಾರು ತಗೊಂಡೆ, ಒಳ್ಳೇದಾಯ್ತು ಕಣಪ್ಪ. ಹಿಡಿಕೆ, ಕನ್ನಡಿ ಮುಚ್ಚಳಕ್ಕೆಲ್ಲ ಬಾಡಿ ಕಲರ್ ಹೊಡೆಸಿದರೆ ಟಾಪ್ ಮಾಡೆಲ್ ಥರ ಕಾಣುತ್ತೆ ಅಂತ ನಿನಗಾಸೆ. ಹೊಡೆಸು, ಬೇಡ ಅನ್ನಲ್ಲ. ಆದರೆ ಯಾವುದನ್ನ ಮುಟ್ಟಬಾರದು ಅಂತ ಮೊದಲು ತೀರ್ಮಾನ ಮಾಡ್ಕೋ.

ಚಕ್ರದ ಸುತ್ತ, ಬಾಗಿಲ ಕೆಳಗೆ ಇರೋ ದಪ್ಪ ಕರಿ ಪಟ್ಟಿ ಹಾಗೇ ಇರಲಿ. ಟೈರು ಎಸೆಯೋ ಜಲ್ಲಿಯ ಏಟು ತಿನ್ನೋಕೇ ಅದನ್ನ ಇಟ್ಟಿರೋದು. ಬಣ್ಣ ಹೊಡೆಸಿದರೆ ಕಲ್ಲು ತಾಗಿದಲ್ಲೆಲ್ಲ ಕರಿ ಚುಕ್ಕೆ ಏಳುತ್ತೆ. ರಬ್ಬರ್ ಬೀಡಿಂಗ್ ಹತ್ತಿರವಂತೂ ಹೋಗಲೇಬೇಡ.

ಹಿಡಿಕೆ, ಮುಚ್ಚಳ ಬಿಚ್ಚಿದಾಗ ಒಳಮೈ ನೋಡು. ಎಬಿಎಸ್ ಅಂತಲೋ ಪಿಪಿ ಅಂತಲೋ ಪ್ಲಾಸ್ಟಿಕ್ಕಿನ ಹೆಸರು ಸಾಮಾನ್ಯವಾಗಿ ಅಚ್ಚೊತ್ತಿರುತ್ತೆ. ಎಬಿಎಸ್ಸಿಗೆ ಬಣ್ಣ ಸಲೀಸಾಗಿ ಹಿಡಿಯುತ್ತೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಕೆಸುವಿನೆಲೆ ಜಾತಿ. ಮೇಲೆ ಬಿದ್ದದ್ದನ್ನ ಹತ್ತಿರ ಸೇರಿಸಲ್ಲ. ಅದಕ್ಕೆ ಮೊದಲು ಅಡ್ಹೀಶನ್ ಪ್ರಮೋಟರ್ ತೆಳ್ಳಗೆ ಹೊಡೆಯಲೇಬೇಕು. ಲೋಹಕ್ಕೆ ಬಳಸೋ ಪ್ರೈಮರನ್ನೇ ಹೊಡೆದು ಮುಗಿಸಿದರೆ ನಾಲ್ಕಾರು ವಾಟರ್ ಸರ್ವಿಸ್ ಆಗೋದರೊಳಗೆ ಸಿಪ್ಪೆ ಸಿಪ್ಪೆಯಾಗಿ ಏಳಬಹುದು.

ಅದಕ್ಕೂ ಮುಂಚೆ ತೊಳೆಯೋ ಕೆಲಸ ಇದೆ, ಗ್ಯಾರೇಜಿನವರು ಗಡಿಬಿಡಿ ಮಾಡೋದೇ ಅಲ್ಲಿ. ಪ್ಲಾಸ್ಟಿಕ್ ಮಿರಮಿರ ಅನ್ನಲಿ ಅಂತ ಹಚ್ಚಿಸ್ತಾರಲ್ಲ, ಆ ಸಿಲಿಕೋನ್ ಪಾಲಿಶ್ ಚೂರು ಉಳಿದರೂ ಬಣ್ಣ ಸರಿದು ಗುಳಿ ಗುಳಿ ಬೀಳುತ್ತೆ. ಪಾತ್ರೆ ಸೋಪಿನಲ್ಲಿ ತೊಳೆದು, ಜಿಡ್ಡು ತೆಗೆಯೋ ದ್ರಾವಣದಲ್ಲಿ ಒರೆಸಿ, ವಾಟರ್ ಪೇಪರಿನಲ್ಲಿ ಹೊಳಪು ಹೋಗೋ ತನಕ ಉಜ್ಜಿಸು. ಮೈ ತರಿತರಿ ಇದ್ದರೆ ತೆಳ್ಳನೆ ಬಣ್ಣದಡಿ ಆ ತರಿ ಹಾಗೇ ಕಾಣುತ್ತೆ. ನುಣುಪು ಬೇಕಿದ್ದರೆ ಫಿಲ್ಲರ್ ಪ್ರೈಮರ್ ಖರ್ಚು ಬೇರೆ.

ಬಣ್ಣದ ವಿಚಾರದಲ್ಲಿ ‘ವೈಟ್’ ಅಂತ ಬಾಯಲ್ಲಿ ಹೇಳಿ ಬರಬೇಡ. ಮಾರುತಿಯಲ್ಲೇ ಸುಪೀರಿಯರ್ ವೈಟ್ ಬೇರೆ, ಮುತ್ತಿನ ಹೊಳಪಿರೋ ಆರ್ಕ್ಟಿಕ್ ವೈಟ್ ಬೇರೆ. ಕಾರಿನ ಮೇಲಿರೋ ಕಲರ್ ಕೋಡ್ ಕೊಡು. ಕಲಸಿದ್ದನ್ನ ಒಂದು ಕಾರ್ಡಿನ ಮೇಲೆ ಹೊಡೆಸಿ, ಒಣಗಿದ ಮೇಲೆ ಬಿಸಿಲಲ್ಲಿ ಬಾಗಿಲಿಗೆ ಹಿಡಿದು ನೋಡು. ಸಿಲ್ವರ್ ಆದರೆ ಇನ್ನೂ ಕಷ್ಟ, ಗನ್ ಹಿಡಿಯೋ ರೀತಿಗೇ ಛಾಯೆ ಬದಲಾಗುತ್ತೆ. ಕೊನೆಗೆ ಕ್ಲಿಯರ್ ಕೋಟ್. ಜಡಿಮಳೆ ದಿನ ಬೇಡ, ತೇವಕ್ಕೆ ಬಿಳಿಚಿಕೊಳ್ಳಬಹುದು.

ಹಿಡಿಕೆ ಬಿಚ್ಚದೆ ಟೇಪು ಸುತ್ತಿ ಹೊಡೀತೀನಿ ಅನ್ನೋನಿಗೆ ಕೆಲಸ ಕೊಡಬೇಡ. ಅಂಚಲ್ಲಿ ಗೆರೆ ಉಳಿಯುತ್ತೆ, ಸಂದಿಯಲ್ಲಿ ಬಣ್ಣ ತುಂಬಿ ಹಿಡಿಕೆ ಬಿಗಿಯಾಗುತ್ತೆ. ಹಾಂ, ಅಡ್ವಾನ್ಸ್ ಕೊಡೋ ಮುಂಚೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಒಂದು ಮಾತು ಕೇಳು. ಟಾಪ್ ಮಾಡೆಲ್ಲಿನ ಹಿಡಿಕೆ, ನಿನ್ನ ಬಣ್ಣದ್ದೇ, ನಿನ್ನ ಬಾಗಿಲಿಗೆ ಕೂರೋ ಹಾಗಿದ್ದರೆ ಪೇಂಟಿಂಗಿಗಿಂತ ಅದೇ ಅಗ್ಗಕ್ಕೆ ಬೀಳಬಹುದು.